ಕ್ರೋಮ್ ಚಕ್ರ ಎರಡೇ ಮಳೆಗಾಲಕ್ಕೆ ಸಿಪ್ಪೆ ಎದ್ದದ್ದೇಕೆ?

ಪ್ರಶ್ನೆ: ನಾನು ಸುರತ್ಕಲ್ ಹತ್ತಿರ ಇರುವವನು. ಕೆಲಸಕ್ಕಾಗಿ ವಾರಕ್ಕೆ ಮೂರು ಸಲ ಕುಂದಾಪುರದಾಚೆ ಹೋಗಿಬರುತ್ತೇನೆ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ 16 ಇಂಚಿನ ಕ್ರೋಮ್ ಅಲಾಯ್ ವೀಲ್ ತರಿಸಿ ಹಾಕಿಸಿದೆ. ಈಗ ನಟ್ ಸುತ್ತ, ವಾಲ್ವ್ ಹತ್ತಿರ ಗುಳ್ಳೆ ಎದ್ದಿದೆ. ಒಂದು ಕಡೆ ಸಿಪ್ಪೆ ಎದ್ದು, ಒರೆಸುವ ಬಟ್ಟೆಯೇ ಹರಿಯಿತು. ಎಡ ಹಿಂಚಕ್ರದಲ್ಲಿ ವಾರಕ್ಕೆ 6–7 ಪಿಎಸ್‌ಐ ಗಾಳಿ ಇಳಿಯುತ್ತದೆ, ಪಂಕ್ಚರ್ ಮಾತ್ರ ಇಲ್ಲವಂತೆ. ಮಾರಿದ ಅಂಗಡಿಯವರು ‘ನಿಮ್ಮ ಬೋರ್‌ವೆಲ್ ನೀರಿನಿಂದ ಹೀಗಾಯ್ತು’ ಅಂತ ಕೈತೊಳೆದುಕೊಂಡರು. ಇನ್ನೊಬ್ಬರು ‘ಕಿತ್ತು ಮತ್ತೆ ಕ್ರೋಮ್ ಮಾಡಿಕೊಡ್ತೀನಿ’ ಅನ್ನುತ್ತಿದ್ದಾರೆ. ಮಾಡಿಸಲೇ? ಹೀಗೇ ಓಡಿಸಿದರೆ ಅಪಾಯವೇ?

ಉತ್ತರ: ಮೊದಲು ಆ ಎಡ ಹಿಂಚಕ್ರ. ಹೊಳಪಿನ ಮಾತು ಆಮೇಲೆ.

ವಾರಕ್ಕೆ 6–7 ಪಿಎಸ್‌ಐ ಇಳಿಯುವ ಟೈರಿನಲ್ಲಿ ಹೆದ್ದಾರಿಗೆ ಹೋಗಬೇಡಿ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ಏಳುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಒಂದು ದಿನ ಒಡೆಯುತ್ತದೆ. ಪಂಕ್ಚರ್ ಅಂಗಡಿಯವರು ಸಾಮಾನ್ಯವಾಗಿ ಟೈರು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಹುಡುಕುತ್ತಾರೆ, ಸಿಗದಿದ್ದರೆ ಗಾಳಿ ತುಂಬಿ ಕಳಿಸುತ್ತಾರೆ. ನಿಮ್ಮ ಗಾಳಿ ಹೋಗುತ್ತಿರುವುದು ಬಹುಶಃ ಅಲ್ಲಿಂದಲ್ಲ. ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿ. ಟೈರು ರಿಮ್ಮಿಗೆ ಸೇರುವ ಗೆರೆಯ ಸುತ್ತ ಸೋಪಿನ ನೀರು ದಪ್ಪಗೆ ಹಚ್ಚಿ, ಐದು ನಿಮಿಷ ಸುಮ್ನೆ ಕಾಯಿರಿ. ಆಮೇಲೆ ಮಗುಚಿ ಒಳಬದಿಗೂ ಹಾಗೇ ಮಾಡಿ. ಸಾಸಿವೆ ಕಾಳಿನಷ್ಟು ಸಣ್ಣ ನೊರೆಗುಳ್ಳೆಗಳು ಒಂದು ಗೇಣಿನುದ್ದ ಸಾಲಾಗಿ ಏಳುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಟೈರಿನ ಅಂಚು, ಅಂದರೆ ಬೀಡ್, ಕೂರುವ ಜಾಗದಲ್ಲೂ ಕ್ರೋಮ್ ಪದರ ಎದ್ದಿದೆ, ಅದರ ಸಂದಿಯಲ್ಲಿ ಗಾಳಿ ನುಸುಳುತ್ತಿದೆ. ಕ್ರೋಮ್ ಮಾಡಿದ ಅಲಾಯ್‌ಗಳಲ್ಲಿ ಇದು ತೀರಾ ಮಾಮೂಲು ತೊಂದರೆ.

ಪರಿಹಾರ ಸುಲಭವಾದದ್ದೇ. ಟೈರು ಕಳಚಿಸಿ, ಬೀಡ್ ಕೂರುವ ಜಾಗದಲ್ಲಿ ಎದ್ದ ಸಿಪ್ಪೆಯನ್ನೆಲ್ಲ ಕೆರೆಸಿ. ಕೆಳಗಿನ ಬಿಳಿ ಪುಡಿ ಹೋಗಿ ಗಟ್ಟಿ ಲೋಹ ಕಾಣುವವರೆಗೆ ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ, ಸಂದಿ ಮುಚ್ಚುವ ಬೀಡ್ ಸೀಲರ್ ಹಚ್ಚಿಸಿ ಮತ್ತೆ ಕೂರಿಸಿ. ಸಿಪ್ಪೆ ಕೆರೆಯದೆ ಬರೀ ಸೀಲರ್ ಬಳಿದರೆ ಎರಡು ತಿಂಗಳಲ್ಲಿ ಕಥೆ ಮತ್ತೆ ಶುರು. ಟೈರು ಕಳಚಿದಾಗಲೇ ರಿಮ್ಮಿನ ಒಳಬದಿಯಲ್ಲಿ ಕೂದಲೆಳೆಯಂಥ ಬಿರುಕಿದೆಯಾ ನೋಡಿಸಿ. ನಮ್ಮ ರಸ್ತೆಗುಂಡಿಗಳಲ್ಲಿ ಬಿದ್ದ ಚಕ್ರ ಬಿರುಕಿನಿಂದಲೂ ಗಾಳಿ ಬಿಡುತ್ತದೆ, ಕ್ರೋಮ್ ಪದರ ಆ ಬಿರುಕನ್ನು ಮುಚ್ಚಿಟ್ಟಿರಬಹುದು. ಬಿರುಕಿದ್ದರೆ ಆ ಚಕ್ರ ಗುಜರಿಗೆ. ವೆಲ್ಡ್ ಮಾಡಿಸಿ ಓಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಮುಖದ ಮೇಲಿನ ಸಿಪ್ಪೆಯಿಂದ ಚಕ್ರ ಮುರಿದುಬೀಳುವುದಿಲ್ಲ. ಅದು ನೋಡಲಿಕ್ಕೆ ಅಸಹ್ಯ, ಅಷ್ಟೆ. ಬೀಡ್ ಮತ್ತು ನಟ್ ಕೂರುವ ಜಾಗ, ಈ ಎರಡು ಮಾತ್ರ ಸುರಕ್ಷತೆಯ ವಿಷಯ. ನಟ್ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ಹೊಳಪು. ‘ಕ್ರೋಮ್ ವೀಲ್’ ಅನ್ನುವುದು ಅಂಗಡಿಯ ಭಾಷೆ. ಆ ಒಂದು ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ಸಾಮಾನು ಮಾರುತ್ತಾರೆ, ಒಂದೊಂದೂ ಒಂದೊಂದು ಥರ ಕೆಡುತ್ತದೆ. ನಿಮ್ಮದು ಯಾವುದು ಅಂತ ಮನೆಯಲ್ಲೇ ಗೊತ್ತುಮಾಡಿಕೊಳ್ಳಬಹುದು. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಮಲ್ಟಿಮೀಟರ್ ತನ್ನಿ. ಬೀಪ್ ಸದ್ದು ಬರುವ ಕಡೆ ತಿರುಗಿಸಿ, ಎರಡು ಮುಳ್ಳನ್ನೂ ಚಕ್ರದ ಹೊಳೆಯುವ ಮುಖಕ್ಕೆ ಒಂದಿಂಚು ಅಂತರದಲ್ಲಿ ಮೆಲ್ಲಗೆ ತಾಗಿಸಿ. ಬೀಪ್ ಅಂದರೆ ಮೇಲಿರುವುದು ಬರೀ ಲೋಹ, ಟ್ಯಾಂಕಿನಲ್ಲಿ ಅದ್ದಿ ಮಾಡಿದ ಪ್ಲೇಟಿಂಗ್. ಸದ್ದೇ ಇಲ್ಲ ಅಂದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಲೇಪ ಇದೆ. ಅದು ಪಿವಿಡಿ (ನಿರ್ವಾತದಲ್ಲಿ ಕೂರಿಸಿದ ಲೋಹದ ಪೊರೆ) ಇರಬಹುದು, ಸ್ಪ್ರೇ ಕ್ರೋಮ್ (ಗನ್ನಿನಿಂದ ಹೊಡೆದ ಬೆಳ್ಳಿ ಪೊರೆ) ಇರಬಹುದು, ಅಥವಾ ಡೈಮಂಡ್ ಕಟ್ (ಯಂತ್ರದಲ್ಲಿ ಮುಖವನ್ನು ನುಣ್ಣಗೆ ಕೆತ್ತಿದ್ದು) ಇರಬಹುದು. ಡೈಮಂಡ್ ಕಟ್‌ನಲ್ಲಿ ಹಳೆಯ ಗ್ರಾಮಫೋನ್ ತಟ್ಟೆಯ ಹಾಗೆ ಸಣ್ಣ ವೃತ್ತದ ಗೆರೆಗಳು ಕಾಣುತ್ತವೆ, ಕನ್ನಡಿಯ ಹಾಗೆ ಮುಖ ಕಾಣುವುದಿಲ್ಲ. ಬೀಪ್ ಬಂದರೂ ನಾಣ್ಯದಿಂದ ತಟ್ಟಿದಾಗ ಠಣ್ ಅನ್ನದೆ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಟಕ್ ಟಕ್ ಅಂದರೆ, ಅದು ಅಲಾಯ್ ಮುಖಕ್ಕೆ ಅಂಟಿಸಿದ ಕ್ರೋಮ್ ಪ್ಲಾಸ್ಟಿಕ್ ಕವಚ.

ನಿಮ್ಮ ಬಟ್ಟೆ ಹರಿದಿದೆ ಅಂದಿರಲ್ಲ, ಅದರ ಮೇಲೆ ಹೇಳುವುದಾದರೆ ನಿಮ್ಮದು ಬಹುಶಃ ನಿಜವಾದ ಪ್ಲೇಟಿಂಗ್. ಬಣ್ಣದ ಸಿಪ್ಪೆ ಬಟ್ಟೆ ಹರಿಯುವುದಿಲ್ಲ, ಪ್ಲೇಟಿಂಗ್‌ನಲ್ಲಿ ಕ್ರೋಮ್ ಕೆಳಗಿರುವ ನಿಕಲ್‌ನ ಸಿಪ್ಪೆ ಹರಿಯುತ್ತದೆ.

‘ನಿಜವಾದ ಕ್ರೋಮ್ ಆದರೆ ಬಾಳಿಕೆ ಬರಬೇಕಿತ್ತಲ್ವಾ?’ ಅನ್ನುತ್ತೀರಿ. ಅಲ್ಲೇ ಜನ ಮೋಸಹೋಗುವುದು. ಆ ಹೊಳಪಿನಲ್ಲಿ ಕ್ರೋಮಿಯಂ ಇರುವುದು 0.25ರಿಂದ 0.5 ಮೈಕ್ರಾನ್ ದಪ್ಪ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಅಂದರೆ ಕೂದಲನ್ನು ಇನ್ನೂರು ಪದರ ಸೀಳಿದರೆ ಸಿಗುವ ಒಂದು ಪದರದಷ್ಟು. ಅದರ ಕೆಲಸ ಬೇಗ ಗೀರು ಬೀಳದಂತೆ, ಮಬ್ಬಾಗದಂತೆ ಕಾಯುವುದು ಮತ್ತು ಆ ನೀಲಿ ಛಾಯೆ ಕೊಡುವುದು. ಕನ್ನಡಿಯಂಥ ಹೊಳಪು ಬರುವುದು ಕೆಳಗಿರುವ ನಿಕಲ್‌ನಿಂದ, ರಕ್ಷಣೆಯ ಹೆಚ್ಚಿನ ಭಾರವೂ ಅದರದ್ದೇ. ಹೊರಗೆ ಮಳೆ ಬಿಸಿಲಲ್ಲಿ ಇರುವ ಸಾಮಾನಿಗೆ ನಿಕಲ್ 30ರಿಂದ 40 ಮೈಕ್ರಾನ್ ಇರಬೇಕು, ಅದೂ ಎರಡು ಬಗೆಯದು. ಕೆಳಗೆ ಗಂಧಕವಿಲ್ಲದ ಅರೆಹೊಳಪಿನ ನಿಕಲ್, ಮೇಲೆ ಗಂಧಕವಿರುವ ಹೊಳಪಿನ ನಿಕಲ್. ತೂತು ಬಿದ್ದಾಗ ಮೇಲಿನ ನಿಕಲ್ ಮೊದಲು ಕರಗುತ್ತದೆ. ತುಕ್ಕು ನೇರ ಕೆಳಗಿಳಿಯದೆ ಪಕ್ಕಕ್ಕೆ ಹರಡುತ್ತದೆ. ಒಳ್ಳೆ ಕಾರ್ಖಾನೆಯವರು ಕ್ರೋಮ್ ಪದರದಲ್ಲೇ ಬೇಕಂತಲೇ ಒಂದು ಚದರ ಸೆಂಟಿಮೀಟರಿಗೆ ಕನಿಷ್ಠ 10,000 ಸೂಕ್ಷ್ಮ ರಂಧ್ರ ಬರುವಂತೆ ಮಾಡುತ್ತಾರೆ. ವಿಚಿತ್ರ ಅನ್ನಿಸಬಹುದು. ತೂತು ಒಂದೇ ಇದ್ದರೆ ಅಷ್ಟೂ ಏಟು ಅಲ್ಲೇ ಬೀಳುತ್ತದೆ, ಹತ್ತು ಸಾವಿರ ಇದ್ದರೆ ಹಂಚಿಹೋಗುತ್ತದೆ.

ಇಷ್ಟೆಲ್ಲ ಮಾಡಿದ ಚಕ್ರ ಅಗ್ಗವಾಗುವುದಿಲ್ಲ. ಅಗ್ಗದ ಚಕ್ರದಲ್ಲಿ ನಿಕಲ್ ಒಂದೇ ಪದರ, ಅದೂ ತೆಳು. ಹೊಸದರಲ್ಲಿ ಎರಡೂ ಒಂದೇ ಥರ ಮಿಂಚುತ್ತವೆ, ಅಂಗಡಿಯ ದೀಪದಡಿ ನಾನೂ ವ್ಯತ್ಯಾಸ ಹೇಳಲಾರೆ.

ಇನ್ನು ಅಲ್ಯೂಮಿನಿಯಂ, ಅಲಾಯ್ ಚಕ್ರದ ಮೈ ಅದರದ್ದೇ. ನಿಮ್ಮ ಮನೆ ಹಿಂದಿನ ಜಿಐ ಶೀಟು ನೆನಪಿಸಿಕೊಳ್ಳಿ. ಅದರ ಮೇಲಿನ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ, ಒಂದು ಗೀರು ಬಿದ್ದರೂ ಸುತ್ತಲ ಸತು ಕಾಯುತ್ತದೆ. ಕ್ರೋಮ್ ಚಕ್ರದಲ್ಲಿ ತಿರುವುಮುರುವು. ಉಪ್ಪುನೀರಿನಲ್ಲಿ ನಿಕಲ್, ಕ್ರೋಮಿಯಂ ಆರಾಮಾಗಿರುತ್ತವೆ, ಕರಗುವ ಸರದಿ ಅಲ್ಯೂಮಿನಿಯಂನದ್ದು. ಸೂಜಿಮೊನೆಯಷ್ಟು ತೂತು ಸಿಕ್ಕರೆ ಸಾಕು, ಅಲ್ಲೊಂದು ಪುಟ್ಟ ಬ್ಯಾಟರಿ ಶುರುವಾಗುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಮೇಲಿನ ಪದರವನ್ನು ದೂಡುತ್ತದೆ. ನಿಮಗೆ ಕಾಣುತ್ತಿರುವ ಗುಳ್ಳೆ ಇದೇ. ಒಂದು ಗುಳ್ಳೆಯನ್ನು ಚಾಕುವಿನ ತುದಿಯಿಂದ ಎತ್ತಿ ನೋಡಿ. ಸಿಪ್ಪೆಯ ಹಿಂಬದಿ ತಾಮ್ರದ ಬಣ್ಣವಿರಬಹುದು, ಕೆಳಗೆ ಸುಣ್ಣದಂಥ ಹಿಟ್ಟು. ಮೇಲ್ಗಡೆ ಕ್ರೋಮ್ ಇನ್ನೂ ಹೊಸದರ ಹಾಗೆ ಫಳಫಳ ಅನ್ನುತ್ತಿರುತ್ತದೆ. ಅದು ಕೆಟ್ಟಿಲ್ಲ, ಅದರ ಕೆಳಗಿನ ನೆಲವೇ ಕುಸಿದಿದೆ.

ತೂತು ಎಲ್ಲಿ ಬೀಳುತ್ತದೆ? ನಟ್ ಬಿಗಿ ಮಾಡುವಲ್ಲಿ, ವಾಲ್ವ್ ತೂತಿನ ಅಂಚಿನಲ್ಲಿ, ಬ್ಯಾಲೆನ್ಸಿಂಗ್ ತೂಕವನ್ನು ಸುತ್ತಿಗೆಯಿಂದ ಬಡಿದು ಸಿಕ್ಕಿಸುವಲ್ಲಿ, ಜಲ್ಲಿ ಸಿಡಿದಲ್ಲಿ. ನೀವು ಬರೆದ ಜಾಗಗಳೇ ತಾನೆ? ನಿಮ್ಮ ದಾರಿಯೋ, ರಾಷ್ಟ್ರೀಯ ಹೆದ್ದಾರಿ 66. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಮಳೆಗಾಲದ ಗಾಳಿಗೆ ಅಲೆಯ ತುಂತುರು ಗಾಜಿನ ಮೇಲೇ ಬೀಳುತ್ತದೆ. ಕಾರ್ಖಾನೆಗಳಲ್ಲಿ ಪ್ಲೇಟಿಂಗ್ ಪರೀಕ್ಷಿಸುವಾಗ ನೂರಕ್ಕೆ 5ರಷ್ಟು ಉಪ್ಪಿನ ನೀರನ್ನು 35 ಡಿಗ್ರಿ ಬಿಸಿಯಲ್ಲಿ ಮಂಜಿನ ಹಾಗೆ ಬಿಡುತ್ತಾರೆ. ಕ್ರೋಮ್‌ಗೆ ಇನ್ನೂ ಕಠಿಣವಾದ ಕಾಸ್ (CASS) ಪರೀಕ್ಷೆ ಇದೆ. ಅದರಲ್ಲಿ ಉಪ್ಪುನೀರಿಗೆ ಅಸೆಟಿಕ್ ಆಸಿಡ್, ತಾಮ್ರದ ಲವಣ ಸೇರಿಸಿ 49 ಡಿಗ್ರಿಯಲ್ಲಿ ಬಿಡುತ್ತಾರೆ. ಕಡಲ ನೀರಿನ ಉಪ್ಪು ನೂರಕ್ಕೆ 3.5ರಷ್ಟು. ಅದು ಚಕ್ರದ ಮೇಲೆ ಒಣಗುತ್ತಾ ಹೋದಂತೆ ಉಪ್ಪಿನ ಪಾಲು ಏರುತ್ತದೆ. ಆಗ ಪ್ರಯೋಗಾಲಯದ ಉಪ್ಪುಮಂಜು ಪೆಟ್ಟಿಗೆಯನ್ನೂ ನಿಮ್ಮ ಚಕ್ರ ಮೀರಿಸಿಬಿಡುತ್ತದೆ. ಮುಂದೆ ಎಂದಾದರೂ ಕ್ರೋಮ್ ಕೊಳ್ಳುವುದಾದರೆ ‘ಕಾಸ್ ಪರೀಕ್ಷೆ ಎಷ್ಟು ಗಂಟೆ ತಡೆದಿದೆ?’ ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಕಾಗದದಲ್ಲಿ ಬಂದರೆ ಕೊಳ್ಳಿ. ‘ಅದೆಲ್ಲ ಏನೂ ಆಗಲ್ಲ ಸಾರ್’ ಅಂದರೆ ಚಹಾ ಕುಡಿದು ವಾಪಸ್ ಬನ್ನಿ.

ಅಂಗಡಿಯವರ ಬೋರ್‌ವೆಲ್ ನೆಪ? ಗಡಸು ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ, ನಿಜ. ಆದರೆ ಅದು ಮೇಲಿನ ಕಲೆ. ಎರಡು ವರ್ಷಕ್ಕೆ ಪದರವನ್ನೇ ಎತ್ತುವ ಶಕ್ತಿ ಅದಕ್ಕಿಲ್ಲ. ಕೆಳಗಿನ ಪದರ ಗಟ್ಟಿ ಇದ್ದರೆ ಬೋರ್ ನೀರಿಗೆ ಅದು ಜಗ್ಗುತ್ತಿರಲಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪ್ಲೇಟಿಂಗ್ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಪರಿಚಿತರೊಬ್ಬರು ನಾಲ್ಕು ಎರಕದ ಅಲಾಯ್ ತಂದುಕೊಟ್ಟರು. ಬಫಿಂಗ್ ಮಾಡುವಾಗ ಅಲ್ಲಲ್ಲಿ ಗುಂಡುಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆ ಕಂಡವು. ಎರಕದೊಳಗೆ ಸಿಕ್ಕಿಕೊಂಡ ಗಾಳಿಯ ಗುಳಿಗಳು. ಜಾಸ್ತಿ ಉಜ್ಜಿದರೆ ಮುಚ್ಚಿಹೋಗುತ್ತವೆ ಅಂದುಕೊಂಡೆ. ಉಜ್ಜಿದಷ್ಟೂ ಹೊಸ ಗುಳಿ ಬಾಯಿಬಿಡುತ್ತಿದ್ದವು. ಹೇಗೋ ಮುಗಿಸಿ ಕೊಟ್ಟೆ. ಆ ಗುಳಿಗಳಲ್ಲಿ ಟ್ಯಾಂಕಿನ ಆಸಿಡ್ ಉಳಿದುಬಿಟ್ಟಿತ್ತು. ಎಷ್ಟು ತೊಳೆದರೂ ಅದು ಹೊರಬರುವುದಿಲ್ಲ, ಒಳಗಿನಿಂದಲೇ ತಿನ್ನುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕೂ ಚಕ್ರಕ್ಕೆ ಸಿಡುಬು ಎದ್ದ ಹಾಗಾಗಿತ್ತು. ಅವರು ದುಡ್ಡು ವಾಪಸ್ ಕೇಳಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿದ್ದು. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕ್ಷಣದಲ್ಲೇ ಆಕ್ಸೈಡ್ ಪೊರೆ ಕಟ್ಟುತ್ತದೆ. ಅದನ್ನು ತೆಗೆದು ತೆಳುವಾಗಿ ಸತುವಿನ ಪದರ ಕೊಟ್ಟು, ಆಮೇಲೆ ತಾಮ್ರ, ನಿಕಲ್ ಕೊಡಬೇಕು. ಆ ಸತುವಿನ ಹಂತದಲ್ಲಿ ಸ್ವಲ್ಪ ಅವಸರ ಮಾಡಿದರೂ ಮೇಲಿನದ್ದೆಲ್ಲ ನೀರಿನ ಮೇಲೆ ಕಟ್ಟಿದ ಮನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಿತ್ತು ಮತ್ತೆ ಕ್ರೋಮ್ ಮಾಡಿಸಲೇ? ಬೇಡ.

ಹಳೆ ಪದರ ತೆಗೆಯಲು ಮತ್ತೆ ಆಸಿಡ್ಡಿನಲ್ಲಿ ಇಡಬೇಕು. ನಿಮ್ಮ ಚಕ್ರದಲ್ಲಿ ಈಗಾಗಲೇ ತಿಂದುಹೋದ ಗುಳಿಗಳಿವೆ, ಆಸಿಡ್ ಹೊಕ್ಕು ಕೂರಲು ಅಷ್ಟು ಸಾಕು. ಆಮೇಲೆ ಗುಳಿ ಮರೆಯಾಗುವವರೆಗೆ ಉಜ್ಜುತ್ತಾರೆ, ಅಂದರೆ ಚಕ್ರದ ಲೋಹವೇ ಸವೆಯುತ್ತದೆ. ಎರಡನೇ ಸಲದ ಕ್ರೋಮ್ ಮೊದಲಿನದಕ್ಕಿಂತ ಜಾಸ್ತಿ ದಿನ ಬಂದದ್ದನ್ನು ನಾನು ಕಂಡಿಲ್ಲ. ಇನ್ನೊಂದು ಮಾತು. ಹಳೆಯ ಬಗೆಯ ಕ್ರೋಮ್ ಟ್ಯಾಂಕಿನಲ್ಲಿರುವ ಹೆಕ್ಸಾವಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಪೀಣ್ಯದ ಅಂತರ್ಜಲಕ್ಕೆ ಅದು ಸೇರಿರುವುದು ಸರ್ಕಾರಿ ವರದಿಗಳಲ್ಲೇ ಇದೆ. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿಯಿಲ್ಲದೆ ಆ ಟ್ಯಾಂಕಿಗೆ ಹಾಕುವ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ, ಕ್ಯಾಲಿಫೋರ್ನಿಯಾ ಅಲಂಕಾರದ ಪ್ಲೇಟಿಂಗ್‌ನಲ್ಲಿ ಹೆಕ್ಸಾವಲೆಂಟ್ ಬಗೆಯನ್ನು ಬಿಡಲು 2027ರ ಗಡುವು ಹಾಕಿದೆ. ಹಿತ್ತಿಲಿನ ಶೆಡ್ಡಿನಲ್ಲಿ ಅಗ್ಗಕ್ಕೆ ಮಾಡಿಕೊಡುವವರ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಂದು ಸಲ ಯೋಚಿಸಿ.

‘ಹಾಗಾದರೆ ಸ್ಪ್ರೇ ಕ್ರೋಮ್ ಮಾಡಿಸ್ತೀನಿ’ ಅಂತಲೂ ಹೊರಡಬೇಡಿ. ಅದು ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಗೆ ಬೆಳ್ಳಿ ಕನ್ನಡಿ ಕಟ್ಟಿಸುತ್ತಿದ್ದೆವಲ್ಲ, ಅದೇ ಕೆಲಸ ಗನ್ನಿನಲ್ಲಿ. ಕೆಳಗೆ ಬಣ್ಣ, ನಡುವೆ ಬೆಳ್ಳಿಯ ಪೊರೆ, ಮೇಲೆ ಕ್ಲಿಯರ್ ಕೋಟ್. ಮನೆಯ ಬೆಳ್ಳಿ ದೀಪ ಕಪ್ಪಾಗುವ ಹಾಗೆ, ಕ್ಲಿಯರ್ ಕೋಟ್ ಸೀಳಿದ ಕಡೆ ಇದೂ ಹಳದಿಯಾಗಿ ಆಮೇಲೆ ಕಪ್ಪಾಗುತ್ತದೆ. ಷೋ ಕೇಸಿಗೆ ಸೈ, ಚಕ್ರಕ್ಕಲ್ಲ. ಪಿವಿಡಿ ಇದಕ್ಕಿಂತ ಎಷ್ಟೋ ಮೇಲು. ಪೌಡರ್ ಕೋಟಿನ (ಪುಡಿ ಬಣ್ಣ ಹೊಡೆದು ಒಲೆಯಲ್ಲಿ ಬೇಯಿಸಿದ ಲೇಪ) ಮೇಲೆ ನಿರ್ವಾತದಲ್ಲಿ ಲೋಹದ ಅತಿ ತೆಳು ಪದರ ಕೂರಿಸಿ ಮೇಲೆ ಕ್ಲಿಯರ್ ಕೊಡುತ್ತಾರೆ. ಕೆಳಗೆ ಪೌಡರ್ ಇರುವುದರಿಂದ ಆ ಬ್ಯಾಟರಿ ಅಷ್ಟು ಸುಲಭವಾಗಿ ಶುರುವಾಗುವುದಿಲ್ಲ. ಅದರ ಜೀವ ಇರುವುದು ಕ್ಲಿಯರ್ ಕೋಟಿನಲ್ಲಿ. ಜಲ್ಲಿ ಏಟಿಗೆ, ಆಸಿಡ್ ಕ್ಲೀನರಿಗೆ ಅದು ಹೋದರೆ ಅಂಚಿನಿಂದ ಮಬ್ಬಾಗುತ್ತಾ ಬರುತ್ತದೆ, ಕೆಟ್ಟ ಜಾಗಕ್ಕಷ್ಟೇ ತೇಪೆ ಹಾಕಲೂ ಆಗುವುದಿಲ್ಲ. ಪ್ಲಾಸ್ಟಿಕ್ ಕವಚದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಟು ಬಿಟ್ಟರೆ ಸಂದಿಗೆ ಕೆಸರು ಸೇರಿ ಚಕ್ರದ ಬ್ಯಾಲೆನ್ಸ್ ತಪ್ಪುತ್ತದೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮೂರು ಚಕ್ರ ಗಟ್ಟಿ ಇದ್ದು ನಾಲ್ಕನೆಯದರಲ್ಲೂ ಬಿರುಕಿಲ್ಲ ಅಂದರೆ, ಕ್ರೋಮ್ ಪೂರ್ತಿ ತೆಗೆಸಿ, ಒಳ್ಳೆ ಪ್ರೈಮರ್ ಮೇಲೆ ಬೆಳ್ಳಿ ಬಣ್ಣದ ಪೌಡರ್ ಕೋಟ್, ಅದರ ಮೇಲೆ ಕ್ಲಿಯರ್. ತೆಗೆಯಲು ಆಸಿಡ್ ಬೇಕಾಗುತ್ತದೆ, ನಿಜ. ಆದರೆ ತೊಳೆದ ಮೇಲೆ ಒಲೆಯಲ್ಲಿ ಬಿಸಿ ಮಾಡಿ ಗುಳಿಯೊಳಗಿನದನ್ನು ಹೊರಡಿಸಿ, ಮತ್ತೆ ತೊಳೆದು, ಆಮೇಲೆ ಪ್ರೈಮರ್ ಹಚ್ಚಲು ಇಲ್ಲಿ ಅವಕಾಶವಿದೆ. ಗುಳಿ ಆಳವಾಗಿದ್ದರೆ ಈ ಖರ್ಚೂ ದಂಡ, ಬೇರೆ ಚಕ್ರ ನೋಡಿ. ಮಾಡುವವರಿಗೆ ಮೂರು ಮಾತು ಹೇಳಿ. ಒಂದು, ಹಳೆ ಲೇಪ ತೆಗೆಯಲು ಚಕ್ರವನ್ನು ಭಟ್ಟಿಗೆ ಹಾಕಿ ಸುಡಬಾರದು. ಅಲಾಯ್ ಚಕ್ರಕ್ಕೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಬಿಸಿ ಮಾಡಿ ಕೊಟ್ಟ ಹದದಿಂದ, ಅದರ ಕೊನೆಯ ಹಂತ ನಡೆಯುವುದು 150–170 ಡಿಗ್ರಿ ಆಸುಪಾಸಿನಲ್ಲಿ. 400 ಡಿಗ್ರಿಯ ಭಟ್ಟಿಗೆ ಹಾಕಿದರೆ ಆ ಹದವೇ ಹೋಗುತ್ತದೆ, ನೋಡಲು ಏನೂ ಗೊತ್ತಾಗುವುದಿಲ್ಲ. ಎರಡು, ಪೌಡರ್ ಬೇಯಿಸುವಾಗಲೂ ಹೇಳಿದ ಡಿಗ್ರಿ, ಹೇಳಿದ ನಿಮಿಷ ಮೀರಬಾರದು, ಮತ್ತೆ ಮತ್ತೆ ಬೇಯಿಸಲೂ ಬಾರದು. ಮೂರು, ನಟ್ ಕೂರುವ ಜಾಗಕ್ಕೂ, ಹಬ್ಬಿಗೆ ತಾಗುವ ಹಿಂಬದಿಗೂ ಪೌಡರ್ ಬೀಳಬಾರದು, ಅವನ್ನು ಮುಚ್ಚಿ ಹೊಡೆಯಬೇಕು. ಅಲ್ಲಿ ಲೇಪ ಇದ್ದರೆ ಓಡುತ್ತಾ ಓಡುತ್ತಾ ಅದು ಅಮುಕಿ ತೆಳುವಾಗಿ ನಟ್ ಸಡಿಲವಾಗುತ್ತದೆ. ನಾನು ಆಗಲೇ ಹೇಳಿದ ನಟ್ ವಿಚಾರ ಇದೇ. ಈಗಿನ ಚಕ್ರದಲ್ಲೂ ನಟ್ ಕೆಳಗಿನ ಕ್ರೋಮ್ ಪುಡಿಯಾಗುತ್ತಿದ್ದರೆ ಬಿಗಿ ಇಳಿದಿರಬಹುದು. ಇವತ್ತೇ ಟಾರ್ಕ್ ರೆಂಚ್ ಹಾಕಿಸಿ, ಕಾರಿನ ಪುಸ್ತಕದಲ್ಲಿರುವ ಲೆಕ್ಕಕ್ಕೆ ಬಿಗಿ ನೋಡಿಸಿ, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ಬೆಳ್ಳಿ ಬಣ್ಣದ ಚಕ್ರ ಅಂದರೆ ಸಪ್ಪೆ ಅನ್ನಿಸುತ್ತಾ? ಅರ್ಥವಾಗುತ್ತದೆ. ಕ್ರೋಮ್ ಬಿಡಲಾರೆ ಅನ್ನುವವರಿಗೆ ಒಂದು ದಾರಿ ಇದೆ. ಶಿಕಾಗೋ, ಟೊರಾಂಟೊ ಕಡೆ ಇರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದಕ್ಕೇ ಎಷ್ಟೋ ಜನ ಚಳಿಗಾಲಕ್ಕೆ ಬೇರೆ ಟೈರು, ಬೇರೆ ಮಾಮೂಲಿ ಚಕ್ರ ಇಟ್ಟುಕೊಂಡು, ಚಂದದ್ದನ್ನು ಗ್ಯಾರೇಜಿನಲ್ಲಿ ಪೇರಿಸಿಡುತ್ತಾರೆ. ನೀವು ಮಳೆಗಾಲಕ್ಕೆ ಹಾಗೆ ಮಾಡಬಹುದು. ಕಾರಿನ ಜೊತೆ ಬಂದ ಹಳೆ ಸ್ಟೀಲ್ ಡಿಸ್ಕ್ ಅಟ್ಟದ ಮೇಲಿದ್ದರೆ ಮೇ ಕೊನೆಗೆ ಅದನ್ನು ಹಾಕಿ, ಕ್ರೋಮ್‌ನದ್ದನ್ನು ತೊಳೆದು ಒಣಗಿಸಿ ಒಳಗಿಡಿ. ದೀಪಾವಳಿಗೆ ಮತ್ತೆ ಹಾಕಿದರಾಯ್ತು.

ತೊಳೆಯುವ ವಿಚಾರ. ವಾರಕ್ಕೊಮ್ಮೆ ಸಿಹಿ ನೀರು, ಕಾರಿನ ಶಾಂಪೂ, ಮೆತ್ತನೆ ಬ್ರಷ್, ಆಮೇಲೆ ಒಣ ಬಟ್ಟೆ. ರಿಮ್ಮಿನ ಒಳಬದಿಯನ್ನೂ ತೊಳೆಯಿರಿ, ಉಪ್ಪು ಮತ್ತು ಬ್ರೇಕಿನ ಕಬ್ಬಿಣದ ಪುಡಿ ಅಡಗುವುದು ಅಲ್ಲೇ. ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿ. ಸರ್ವೀಸ್ ಸ್ಟೇಷನ್ನಿನಲ್ಲಿ ಹುಡುಗ ಬಾಟಲಿಯಿಂದ ಏನೋ ಚಿಮುಕಿಸಿ, ಬುಸುಬುಸು ನೊರೆ ಎದ್ದು ಚಕ್ರ ತಟ್ಟನೆ ಬೆಳ್ಳಗಾದರೆ ಅದು ಆಸಿಡ್, ಬೇಡ ಅನ್ನಿ. ಕೆಲವು ಚಕ್ರದ ಕ್ಲೀನರ್‌ಗಳಲ್ಲಿ ಫ್ಲೋರೈಡ್ ಆಸಿಡ್ ಇರುತ್ತದೆ, ಅದು ಚಕ್ರಕ್ಕೂ ಕೇಡು, ಆ ಹುಡುಗನ ಕೈಗೂ ಕೇಡು. ಮನೆಯಲ್ಲಿ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚುತ್ತಾರಲ್ಲ, ಅದನ್ನು ಚಕ್ರಕ್ಕೂ ಹಚ್ಚಿದವರನ್ನು ನೋಡಿದ್ದೇನೆ. ಹುಳಿ ಅಂದರೆ ಅದೂ ಆಸಿಡ್ಡೇ. ತೆಂಗಿನೆಣ್ಣೆ ಒರೆಸಿದರೆ ಆ ದಿನಕ್ಕೆ ಮಿಂಚುತ್ತದೆ, ಮರುದಿನ ಊರಿನ ಧೂಳೆಲ್ಲ ಅದರ ಮೇಲೆ.

ಚಾರ್ಮಾಡಿ ಇಳಿದ ತಕ್ಷಣ ಚಕ್ರಕ್ಕೆ ತಣ್ಣೀರು ಹೊಡೆಸಲೂ ಬೇಡಿ. ಇಳಿಜಾರಿನ ಬ್ರೇಕಿಗೆ ಚಕ್ರ ಕೈ ಇಡಲಾಗದಷ್ಟು ಕಾದಿರುತ್ತದೆ. ಒಂದು ಡಿಗ್ರಿಗೆ ಅಲ್ಯೂಮಿನಿಯಂ ಹತ್ತು ಲಕ್ಷಕ್ಕೆ 23 ಪಾಲು ಹಿಗ್ಗಿದರೆ ನಿಕಲ್ 13, ಕ್ರೋಮಿಯಂ 6ರ ಆಸುಪಾಸು. ಮೂವರೂ ಒಟ್ಟಿಗೆ ಅಂಟಿಕೊಂಡೇ ಬೇರೆ ಬೇರೆ ಅಳತೆಗೆ ಕುಗ್ಗಬೇಕು. ನಿಧಾನಕ್ಕೆ ಆರಿದರೆ ಹೇಗೋ ಸಂಭಾಳಿಸುತ್ತವೆ. ಕೊಟ್ಟಿಗೆಹಾರದಿಂದ ಇಳಿದವರು ಉಜಿರೆಯಲ್ಲಿ ಊಟ ಮುಗಿಸಿ ಆಮೇಲೆ ತೊಳೆಸಲಿ.

ಕೊನೆಯದಾಗಿ, ಬೀಡ್ ಕೆರೆಯಲು ಟೈರ್ ಅಂಗಡಿಗೆ ಹೋಗುವಾಗ ಒಂದು ಜೊತೆ ದಪ್ಪ ಕೈಗವಸು ತೆಗೆದುಕೊಂಡು ಹೋಗಿ, ಕೆರೆಯುವ ಹುಡುಗನಿಗೆ ಕೊಡಿ. ಎದ್ದ ನಿಕಲ್ ಸಿಪ್ಪೆ ಬ್ಲೇಡಿನಷ್ಟೇ ಹರಿತ. ನಿಮ್ಮದು ಬಟ್ಟೆ ಹರಿದು ಮುಗಿಯಿತು. ನನ್ನ ಬಲಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದಿತ್ತು.